ಪೆನ್ಸಿಲ್‌ನಲ್ಲಿ ಬರೆದ ಅರ್ಜಿ

ನಾನು ಬರೆದ ನೇಮಕಾತಿ ಪರೀಕ್ಷೆಯ ಕೀ ಉತ್ತರದಲ್ಲಿ ಒಂದು ತಪ್ಪಿತ್ತು. ಆಕ್ಷೇಪಣೆ ಸಲ್ಲಿಸಲು ಎರಡೇ ದಿನ ಬಾಕಿ. ನನ್ನಂಥವನ ಅರ್ಜಿ ಯಾರು ಓದುತ್ತಾರೆ ಎಂದು ಸುಮ್ಮನಿದ್ದೆ. ಆಗ ಲೈಬ್ರರಿಯಲ್ಲಿ ಕಣ್ಣಿಗೆ ಬಿದ್ದದ್ದು ಕ್ಲಾರೆನ್ಸ್ ಅರ್ಲ್ ಗಿಡಿಯನ್ ಬದುಕು.

1910ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ ಗಿಡಿಯನ್ ಎಂಟನೇ ತರಗತಿಗೇ ಶಾಲೆ ಬಿಟ್ಟವನು, ಕಳ್ಳತನ ಮಾಡಿ ಹಲವು ಸಲ ಜೈಲು ಕಂಡವನು. 1961ರಲ್ಲಿ ಫ್ಲಾರಿಡಾದ ಪನಾಮಾ ಸಿಟಿಯಲ್ಲಿ ಪೂಲ್ ಆಟದ ಮನೆಯೊಂದಕ್ಕೆ ಕನ್ನ ಹಾಕಿದ ಆರೋಪ ಅವನ ಮೇಲೆ ಬಂತು. ವಕೀಲರನ್ನಿಡಲು ಕಾಸಿಲ್ಲ, ಕೋರ್ಟೇ ಒಬ್ಬರನ್ನು ಕೊಡಲಿ ಎಂದು ಕೇಳಿಕೊಂಡ. ಇದು ಮರಣದಂಡನೆಯ ಪ್ರಕರಣವಲ್ಲ ಎಂದು ನ್ಯಾಯಾಧೀಶರು ಒಪ್ಪಲಿಲ್ಲ. ತಾನೇ ವಾದಿಸಿ ಸೋತ. 5 ವರ್ಷ ಶಿಕ್ಷೆಯಾಯಿತು.

ಜೈಲಿನಲ್ಲಿ ಕಾನೂನು ಪುಸ್ತಕ ಓದಿ, ಅಲ್ಲಿನ ಹಾಳೆಯ ಮೇಲೇ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. ಅದರಲ್ಲಿ ಕಾಗುಣಿತದ ತಪ್ಪುಗಳಿದ್ದವು. ಆದರೂ ಕೋರ್ಟ್ ಓದಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ರಾಜ್ಯವೇ ವಕೀಲರನ್ನು ಒದಗಿಸಬೇಕೆಂದು 1963ರ ಮಾರ್ಚ್ 18ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಮರುವಿಚಾರಣೆಯಲ್ಲಿ ವಕೀಲರು ಜೊತೆಗಿದ್ದರು. ಆಗಸ್ಟ್‌ನಲ್ಲಿ ಗಿಡಿಯನ್ ಬಿಡುಗಡೆಯಾದ. 1972ರಲ್ಲಿ ತೀರಿಕೊಂಡಾಗಲೂ ಬಡವನೇ.

ಆ ರಾತ್ರಿಯೇ ಆಕ್ಷೇಪಣೆ ಬರೆದು, ಪಠ್ಯಪುಸ್ತಕದ ಪುಟ ಲಗತ್ತಿಸಿ ಕಳಿಸಿದೆ. ಅಂಕ ಬರುತ್ತದೋ ಇಲ್ಲವೋ, ಅದು ಬೇರೆ ಮಾತು.