ಡಾ. ಲೆಸ್ಲಿ ಕೋಲ್ಮನ್

ಮೈಸೂರು ಸಂಸ್ಥಾನದ ಕೃಷಿಯ ಇತಿಹಾಸದಲ್ಲಿ ಡಾ. ಲೆಸ್ಲಿ ಕೋಲ್ಮನ್ನರ ಹೆಸರು ಚಿರಸ್ಮರಣೀಯವಾದುದು. ಕೆನಡಾ ದೇಶದಲ್ಲಿ 1878ರಲ್ಲಿ ಜನಿಸಿದ ಅವರು ಟೊರಾಂಟೋ ಮತ್ತು ಜರ್ಮನಿಯ ಗಾಟಿಂಜೆನ್ ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಸಂಗ ಮಾಡಿ, 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದರು.

ಆ ಕಾಲದಲ್ಲಿ ಮಲೆನಾಡಿನ ಅಡಿಕೆಗೆ ಕೊಳೆರೋಗವು ಮಹಾಮಾರಿಯಾಗಿದ್ದಿತು. ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದವು. ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟಿ ರಕ್ಷಿಸುವುದು ಬಹು ಶ್ರಮದ ಕೆಲಸ. ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಕೋಲ್ಮನ್ನರು ತೋರಿಸಿದರು. ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸಿ ಫಸಲನ್ನು ಉಳಿಸುವ ವಿಧಾನವನ್ನು ಬಳಕೆಗೆ ತಂದರು. ಇವು ಸುಲಭಬೆಲೆಯ ವಸ್ತುಗಳಾದುದರಿಂದ ಸಣ್ಣ ಬೆಳೆಗಾರನಿಗೂ ಪ್ರಯೋಜನವಾಯಿತು.

ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಕೃಷ್ಣರಾಜಸಾಗರದ ನೀರು ನಾಲೆಯ ಮೂಲಕ ಮಂಡ್ಯದ ಒಣಭೂಮಿಗೆ ಹರಿಯಿತು. ಆದರೆ ನೀರೊಂದರಿಂದಲೇ ರೈತನ ಬದುಕು ಹಸನಾಗದು. ಆಲೆಮನೆಯ ಬೆಲ್ಲವನ್ನೇ ನಂಬಿದರೆ, ಅದರ ಬೆಲೆ ಕುಸಿದಾಗ ವರ್ಷದ ದುಡಿಮೆ ವ್ಯರ್ಥವಾಗುವುದು. ಕಡಿದ ಕಬ್ಬನ್ನು ಬಹುದಿನ ಇಟ್ಟರೆ ಅದರ ಸಕ್ಕರೆಯ ಅಂಶ ಕುಗ್ಗುವುದು. ಆದುದರಿಂದ ಗದ್ದೆಗಳ ನಡುವೆಯೇ ಕಾರ್ಖಾನೆ ಇರಬೇಕಾಗಿದ್ದಿತು. ಕೋಲ್ಮನ್ನರ ಪರಿಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ರೈತನ ಕಬ್ಬಿಗೆ ಊರ ಸಮೀಪದಲ್ಲಿಯೇ ಮಾರುಕಟ್ಟೆ ದೊರೆಯಿತು.

ಕೋಲ್ಮನ್ನರು ಸ್ವದೇಶದಲ್ಲಿ 1954ರಲ್ಲಿ ನಿಧನರಾದರು. ಕಾಲಾನಂತರದಲ್ಲಿ ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿಯೂ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ವಿಜ್ಞಾನವು ಪ್ರಯೋಗಶಾಲೆಯಿಂದ ಹೊರಟು ರೈತನ ಹೊಲವನ್ನು ತಲಪಿದಾಗಲೇ ಸಾರ್ಥಕವೆಂಬುದನ್ನು ಅವರ ಜೀವನವು ತೋರಿಸಿಕೊಟ್ಟಿದೆ.