ಕೊನೆಯ ರೌಂಡ್ ಬೇಡ ಎಂದ ಗುರು

ಬಾಕ್ಸಿಂಗ್ ಅಂದ್ರೆ ನಮಗೆಲ್ಲ ತಕ್ಷಣ ನೆನಪಾಗೋದು ಮೊಹಮ್ಮದ್ ಅಲಿ, ಮೈಕ್ ಟೈಸನ್. ಆದ್ರೆ ರಿಂಗ್‌ನ ಮೂಲೆಯಲ್ಲಿ ನೀರು, ಟವೆಲ್ ಹಿಡಿದು ನಿಂತಿರುವ ಕೋಚ್‌ಗಳ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಸಲ ನಾವು ಅಂಥ ಒಬ್ಬರ ಬಗ್ಗೆ ಬರೆಯುತ್ತಿದ್ದೇವೆ. ಅವರೇ ಎಡ್ಡಿ ಫಚ್.

ಫಚ್ ಹುಟ್ಟಿದ್ದು 1911ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ. ಬೆಳೆದದ್ದು ಡೆಟ್ರಾಯ್ಟ್ ನಗರದಲ್ಲಿ. 1933ರಲ್ಲಿ ಅಲ್ಲಿನ ಗೋಲ್ಡನ್ ಗ್ಲವ್ಸ್ ಅಮೆಚೂರ್ ಟೂರ್ನಿ ಗೆದ್ದರು. ಮುಂದೆ ವಿಶ್ವ ಚಾಂಪಿಯನ್ ಆದ ಜೋ ಲೂಯಿಸ್ ಅದೇ ಜಿಮ್‌ನ ಹುಡುಗ. ಲೂಯಿಸ್ ಹೆವಿವೇಟ್, ಫಚ್ ಬರೀ ಲೈಟ್‌ವೇಟ್. ಆದ್ರೂ ಫಚ್ ಅವರ ವೇಗ ನೋಡಿ ಲೂಯಿಸ್ ಅವರ ಜೊತೆಗೇ ಪ್ರಾಕ್ಟೀಸ್ ಮಾಡುತ್ತಿದ್ದರು.

ಇನ್ನೇನು ಪ್ರೊಫೆಷನಲ್ ಆಗಬೇಕು ಅನ್ನುವಷ್ಟರಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ತೊಂದರೆ ಗೊತ್ತಾಯಿತು. ಆಟಗಾರನಾಗಿ ಅವರ ಕಥೆ ಅಲ್ಲಿಗೇ ಮುಗೀತು. ಜಿಮ್ ಮಾತ್ರ ಬಿಡಲಿಲ್ಲ, ಬೇರೆ ಹುಡುಗರಿಗೆ ಕಲಿಸೋಕೆ ಶುರು ಮಾಡಿದರು. ಅಮೆಚೂರ್ ಪಂದ್ಯ ಅಂದ್ರೆ ಮೂರು ರೌಂಡ್, ಆಗಿನ ಪ್ರೊಫೆಷನಲ್ ವಿಶ್ವ ಪಟ್ಟದ ಪಂದ್ಯ ಅಂದ್ರೆ ಹದಿನೈದು. ಈ ಎರಡರ ಮಧ್ಯದ ದಾರಿ ಫಚ್ ಅವರಿಗೂ ಉದ್ದವಾಗಿಯೇ ಇತ್ತು. ಅವರ ಶಿಷ್ಯ ಡಾನ್ ಜೋರ್ಡನ್ ಮೊದಲ ಸಲ ವಿಶ್ವ ಚಾಂಪಿಯನ್ ಆದದ್ದು 1958ರಲ್ಲಿ. ಆಗ ಫಚ್ ಅವರಿಗೆ 47 ವರ್ಷ!

ಅವರ ನಿಜವಾದ ಶಕ್ತಿ ಇದ್ದದ್ದು ಕಣ್ಣಿನಲ್ಲಿ. ಸೋಲೇ ಕಾಣದ ಅಲಿ ಅವರ ಆಟವನ್ನು ಕೂತು ಗಮನಿಸಿದರು. ಬಲಗೈಯಿಂದ ಅಪ್ಪರ್‌ಕಟ್ ಹೊಡೆಯುವಾಗ ಅಲಿ ಆ ಕೈಯನ್ನು ಕೆಳಗೆ ಇಳಿಸುತ್ತಾರೆ, ಆಗ ಮುಖದ ಆ ಭಾಗಕ್ಕೆ ರಕ್ಷಣೆ ಇರಲ್ಲ ಅಂತ ಕಂಡುಹಿಡಿದರು. ಆ ಕ್ಷಣಕ್ಕೇ ಎಡಗೈ ಹುಕ್ ಹೊಡಿ ಅಂತ ಜೋ ಫ್ರೇಜಿಯರ್‌ಗೆ ಕಲಿಸಿದರು. 1971ರ ಪಂದ್ಯದಲ್ಲಿ ಫ್ರೇಜಿಯರ್ ಎಡಗೈ ಹುಕ್‌ನಿಂದಲೇ ಅಲಿಯನ್ನು ನೆಲಕ್ಕೆ ಬೀಳಿಸಿದರು, ಗೆದ್ದರು. 1973ರಲ್ಲಿ ಇನ್ನೊಬ್ಬ ಶಿಷ್ಯ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದರು.

ಆದ್ರೆ ಜನ ಫಚ್ ಅವರನ್ನು ನೆನಪಿಡೋದು ಗೆದ್ದ ಪಂದ್ಯಕ್ಕಲ್ಲ, ಸೋತ ಪಂದ್ಯಕ್ಕೆ.

1975ರ ಅಕ್ಟೋಬರ್ 1, ಮನಿಲಾ. ಅಲಿ ಮತ್ತು ಫ್ರೇಜಿಯರ್ ಮೂರನೇ ಸಲ ಎದುರಾದರು. ಹಿಂದಿನ ಎರಡರಲ್ಲಿ ತಲಾ ಒಂದು ಗೆಲುವು. ವಿಪರೀತ ಸೆಖೆಯಲ್ಲಿ ಹದಿನಾಲ್ಕು ರೌಂಡ್ ಮುಗಿದವು. ಫ್ರೇಜಿಯರ್‌ಗೆ ಎಡಗಣ್ಣು ಮೊದಲೇ ಮಂಜು, ಈಗ ಬಲಗಣ್ಣೂ ಊದಿ ಮುಚ್ಚಿತ್ತು. ಬರೋ ಏಟು ಕಾಣಿಸುತ್ತಲೇ ಇರಲಿಲ್ಲ. ಉಳಿದಿದ್ದು ಒಂದೇ ರೌಂಡ್, ಮೂರೇ ನಿಮಿಷ. ಫ್ರೇಜಿಯರ್ ಆಡ್ತೀನಿ ಅಂತ ಹಟ ಹಿಡಿದರು. ಫಚ್ ಒಪ್ಪಲಿಲ್ಲ. ಶಿಷ್ಯನನ್ನು ಕೂರಿಸಿ ಪಂದ್ಯ ನಿಲ್ಲಿಸಿಬಿಟ್ಟರು. ಅಲಿ ಕೂಡ ಕುಸಿಯುವ ಸ್ಥಿತಿಯಲ್ಲಿದ್ದರು, ಇನ್ನೊಂದು ರೌಂಡ್ ಆಡಿದ್ದರೆ ಏನಾಗುತ್ತಿತ್ತೋ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ಫಚ್ ಮಾತ್ರ ಆ ನಿರ್ಧಾರಕ್ಕೆ ಯಾವತ್ತೂ ಪಶ್ಚಾತ್ತಾಪ ಪಡಲಿಲ್ಲ. ಫ್ರೇಜಿಯರ್ ಮತ್ತೆ 36 ವರ್ಷ ಬದುಕಿದರು.

ಇನ್ನೊಬ್ಬ ಶಿಷ್ಯ ಫ್ರೆಡ್ಡಿ ರೋಚ್ ಅವರಿಗೂ ಫಚ್ ಹೀಗೇ, ಇನ್ನು ಸಾಕು, ಆಡಬೇಡ ಅಂದಿದ್ದರು. ರೋಚ್ ಕೇಳದೆ ಇನ್ನೂ ಕೆಲವು ಪಂದ್ಯ ಆಡಿದರು. ಮುಂದೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಅದೇ ಫಚ್ ಕೈಕೆಳಗೆ ಕೋಚಿಂಗ್ ಕಲಿತು, ಮ್ಯಾನಿ ಪಾಕಿಯಾವೊ ಅವರ ಗುರುವಾಗಿ ಹೆಸರು ಮಾಡಿದರು.

1992ರಲ್ಲಿ ರಿಡಿಕ್ ಬೋ ವಿಶ್ವ ಹೆವಿವೇಟ್ ಚಾಂಪಿಯನ್ ಆದಾಗ ಮೂಲೆಯಲ್ಲಿ ನಿಂತಿದ್ದ ಫಚ್‌ಗೆ 81 ವರ್ಷ. 2001ರ ಅಕ್ಟೋಬರ್‌ನಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮಗೆ ಎಲ್ಲರೂ ಹೇಳಿಕೊಡೋದು ಸೋಲೊಪ್ಪಬೇಡ ಅಂತಲೇ. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋರು ಕಡಿಮೆ. ತನ್ನ ಹೆಸರಿಗಿಂತ ಶಿಷ್ಯನ ಜೀವ ದೊಡ್ಡದು ಅಂದುಕೊಂಡ ಒಬ್ಬ ಗುರು ಇದ್ದರು ಅಂತ ನೆನಪಿಟ್ಟುಕೊಳ್ಳೋಣ.