ಒಂದು ಕಡ್ಡಿ ಕಡಲು ದಾಟಿತು: ಶಾಂತಿ ಗುಲಾಬಿಯ ಫ್ರಾನ್ಸಿಸ್ ಮೇಯಾಂ

ಅಂಚಿಗೆ ನಸುಗೆಂಪು ಬಳಿದಂತಿರುವ ದೊಡ್ಡ ಹಳದಿ ಗುಲಾಬಿಯನ್ನು ನೀವು ಎಲ್ಲಾದರೂ ಕಂಡಿರಬಹುದು. ಅದರ ಹೆಸರು ‘ಪೀಸ್’, ಅಂದರೆ ಶಾಂತಿ. ಅದನ್ನು ಹುಟ್ಟಿಸಿದವರು ಫ್ರಾನ್ಸ್ ದೇಶದ ನರ್ಸರಿ ಮನೆತನದ ಫ್ರಾನ್ಸಿಸ್ ಮೇಯಾಂ.

ಫ್ರಾನ್ಸಿಸ್ ಹುಟ್ಟಿದ್ದು 1912ರಲ್ಲಿ, ಲಿಯೋನ್ ನಗರದ ಬಳಿ. ತಾಯಿಯ ತಂದೆ ದರ್ಜಿಯಾಗಿದ್ದು ಗುಲಾಬಿ ಕೃಷಿಗೆ ಬಂದವರು. ತಂದೆ ಆಂಟೋನ್ ಗುಲಾಬಿ ಸಸಿಗಳನ್ನು ಬೆಳೆಸಿ ಮಾರುತ್ತಿದ್ದರು. ಹುಡುಗ ಕಸಿ ಚಾಕು ಹಿಡಿಯಲು ಕಲಿತದ್ದು ತಂದೆಯ ಪಕ್ಕದಲ್ಲೇ.

1935ರಲ್ಲಿ ಮಾಡಿದ ಸಂಕರಣದಿಂದ ಬಂದ ಸಸಿಗಳಲ್ಲಿ ಒಂದು ಅವರ ಕಣ್ಣಿಗೆ ಬಿತ್ತು. ದಪ್ಪ ಹೊಳಪಿನ ಎಲೆ, ಬಲವಾದ ಗಿಡ, ಬೊಗಸೆ ತುಂಬುವ ಹೂವು. ಅದಕ್ಕೆ ತಾಯಿಯ ಹೆಸರನ್ನೇ ಇಟ್ಟರು.

ಗುಲಾಬಿ ವ್ಯಾಪಾರದ ಗುಟ್ಟು ನಿಮಗೆ ಗೊತ್ತೇ ಇದೆ. ಬೀಜದಿಂದ ತಳಿ ಉಳಿಯದು. ಕಡ್ಡಿಯ ಕಣ್ಣನ್ನು ತೆಗೆದು ಕಾಡು ಗುಲಾಬಿಯ ಬೇರುಗಿಡಕ್ಕೆ ಕೂರಿಸಬೇಕು. ಹೀಗಾಗಿ ಒದ್ದೆ ಪಾಚಿಯಲ್ಲಿ ಸುತ್ತಿದ ನಾಲ್ಕು ಕಡ್ಡಿ ಇದ್ದರೆ ಸಾಕು, ಕೆಲವು ವರ್ಷಗಳಲ್ಲಿ ಸಾವಿರಾರು ಗಿಡ ಮಾಡಬಹುದು. 1939ರಲ್ಲಿ ಯುದ್ಧದ ಮೋಡ ಕವಿದಾಗ ಫ್ರಾನ್ಸಿಸ್ ಇಂಥ ಕಡ್ಡಿಗಳನ್ನು ಜರ್ಮನಿ, ಇಟಲಿ, ಅಮೆರಿಕಗಳ ನರ್ಸರಿಗಳಿಗೆ ಕಳಿಸಿದರು. ಅಮೆರಿಕದ ಕಟ್ಟು ಆ ದೇಶದ ಕಾನ್ಸಲರ ಮೂಲಕ ಹೋಯಿತೆಂಬುದು ಪ್ರಸಿದ್ಧ ಕಥೆ. ಆಮೇಲೆ ಗಡಿಗಳು ಮುಚ್ಚಿದವು, ವರ್ಷಗಟ್ಟಲೆ ಸುದ್ದಿಯೇ ಇಲ್ಲ.

ಆದರೆ ಕಡ್ಡಿಗಳು ಬದುಕಿದ್ದವು! ಒಂದೇ ಗಿಡಕ್ಕೆ ಜರ್ಮನಿಯಲ್ಲಿ ‘ಗ್ಲೋರಿಯಾ ಡೈ’, ಇಟಲಿಯಲ್ಲಿ ‘ಜೋಯಾ’ ಎಂದು ಹೆಸರಾಯಿತು. ಅಮೆರಿಕದಲ್ಲಿ 1945ರ ಏಪ್ರಿಲ್ 29ರಂದು ‘ಪೀಸ್’ ಎಂದು ನಾಮಕರಣವಾಯಿತು. ಕೆಲವೇ ದಿನಗಳಲ್ಲಿ ಯೂರೋಪಿನ ಯುದ್ಧ ಮುಗಿಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆ ಕಟ್ಟಲು ಕೂಡಿದ್ದ ನಿಯೋಗಗಳ ಮುಖ್ಯಸ್ಥರಿಗೆ ಈ ಹೂವನ್ನು ಹಂಚಲಾಯಿತು. ಮುಂದೆ ಕೋಟಿಗಟ್ಟಲೆ ಗಿಡಗಳು ಮಾರಾಟವಾದವು.

ಈ ಮಾರಾಟದಲ್ಲಿ ತಳಿ ಮಾಡಿದವನಿಗೆ ಏನು ಸಿಕ್ಕಿತು? ಅಮೆರಿಕದಲ್ಲಿ 1930ರಿಂದಲೇ ಗಿಡಗಳಿಗೆ ಪೇಟೆಂಟ್ ಕಾನೂನು ಇತ್ತು. ಹಾಗಾಗಿ ಅಲ್ಲಿ ಮಾರಿದ ಗಿಡಗಳಿಂದ ಫ್ರಾನ್ಸಿಸ್‌ಗೆ ಪಾಲು ಬಂತು. ಯೂರೋಪಿನಲ್ಲಿ ಅಂಥ ಭದ್ರತೆ ಇರಲಿಲ್ಲ. ಒಂದು ಗಿಡ ಕೊಂಡವನು ಕಣ್ಣು ಕಿತ್ತು ತನ್ನದೇ ವ್ಯಾಪಾರ ಮಾಡಬಹುದಿತ್ತು. ಹತ್ತು ವರ್ಷ ದುಡಿದವನಿಗೂ ಒಂದು ಕಡ್ಡಿ ಮುರಿದವನಿಗೂ ಒಂದೇ ಲಾಭವೇ ಎಂಬುದು ಅವರ ತಕರಾರು. ಉಳಿದ ಆಯುಷ್ಯವನ್ನು ತಳಿಗಾರನ ಹಕ್ಕಿನ ಹೋರಾಟಕ್ಕೂ ಹೊಸ ತಳಿಗಳಿಗೂ ಸವೆಸಿದರು. ಕೊಯ್ದ ಹೂವಿನ ಪೇಟೆಯಲ್ಲಿ ಹೆಸರಾದ ಕೆಂಪು ‘ಬಕಾರಾ’ ಅವರದೇ.

1958ರಲ್ಲಿ, 46ನೇ ವಯಸ್ಸಿಗೇ, ಫ್ರಾನ್ಸಿಸ್ ತೀರಿಕೊಂಡರು. ಮೂರು ವರ್ಷದ ಬಳಿಕ, 1961ರಲ್ಲಿ, ಹೊಸ ತಳಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಪ್ಯಾರಿಸ್ಸಿನಲ್ಲಿ ಸಹಿ ಬಿತ್ತು. ಅದನ್ನು ನೋಡಲು ಅವರಿರಲಿಲ್ಲ. ಮಡದಿ ಲೂಯಿಸೆಟ್ ಮತ್ತು ಮಗ ಅಲೆನ್ ಕೆಲಸ ಮುಂದುವರಿಸಿದರು. ನಮ್ಮ ತೋಟಗಳಿಗೂ ಬಂದಿರುವ ಕಡುಗೆಂಪಿನ ಸುವಾಸನೆಯ ‘ಪಾಪಾ ಮೇಯಾಂ’ ತಾತ ಆಂಟೋನ್ ಹೆಸರಿನದು.

ಈ ಕಥೆ ನಮಗೇಕೆ? ನಮ್ಮ ದೇಶವೂ 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ತಳಿಗಾರನ ಹಕ್ಕಿನ ಜೊತೆಗೆ ರೈತ ತನ್ನ ಬೆಳೆಯಿಂದ ಬೀಜ ಉಳಿಸಿಕೊಳ್ಳುವ, ಹಂಚುವ, ಮಾರುವ ಹಕ್ಕನ್ನೂ ಅದು ಕಾಯುತ್ತದೆ. ರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾತ್ರ ಮಾರುವಂತಿಲ್ಲ. ಪಾಲಿಹೌಸಿಗೆ ವಿದೇಶಿ ಗುಲಾಬಿ ಸಸಿ ತರಿಸುವವರು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರಗಳ ಜೊತೆಗೆ ತಳಿಯ ರಾಯಧನ ಸಂದಾಯವಾಗಿದೆಯೇ ಎಂದು ಕೇಳಿ, ರಸೀದಿ ಇಟ್ಟುಕೊಳ್ಳಿ. ಹೂವನ್ನು ಯೂರೋಪಿಗೆ ಕಳಿಸುವವರಿಗಂತೂ ಅಲ್ಲಿನ ಕಾನೂನು ಅನ್ವಯಿಸುತ್ತದೆ. ಹಾಗೆಯೇ, ನಿಮ್ಮ ಹೊಲದಲ್ಲೇ ಒಂದು ಹೊಸ ತಳಿ ಹುಟ್ಟಿದರೆ ಅದನ್ನು ನಿಮ್ಮ ಹೆಸರಿಗೆ ನೋಂದಾಯಿಸಲು ಈ ಕಾಯ್ದೆಯಲ್ಲಿ ದಾರಿ ಇದೆ. ಕಡ್ಡಿ ಕೊಡುವ ಮೊದಲು ಅದನ್ನು ನೆನೆಯಿರಿ.